ಇಲಾಖೆಯ ಇಲಿಗೆ ಜಠರ ಬಲಗಡೆ

ಪರೀಕ್ಷಾ ವಿಭಾಗದ ಮಾನ್ಯ ಅಧಿಕಾರಿಗಳೇ,

ತಾವು ತೋರಿಸಿದ ವಿಡಿಯೊದಲ್ಲಿ ಕೊಯ್ದ ಇಲಿಯ ಜಠರ ಬಲಗಡೆ ಇದೆ. ದೇವರು ಸೃಷ್ಟಿಸಿದ ಇಲಿಗಳಿಗೆ ಅದು ಎಡಗಡೆ ಇರುತ್ತದೆ. ದೇವರನ್ನು ನಂಬಿದ ನನ್ನ ಮಗಳು ಸುಮಯ್ಯ ಪಿಯುಸಿ ಜೀವಶಾಸ್ತ್ರದಲ್ಲಿ ಎರಡು ಅಂಕಕ್ಕೆ ಫೇಲಾದಳು. ಇಲಾಖೆಯನ್ನು ನಂಬಿದವರು ಪಾಸಾದರು.

ನಾನು ಶಿರಾದಲ್ಲಿ ಇಪ್ಪತ್ತೆರಡು ವರ್ಷದಿಂದ ಮಟನ್ ಅಂಗಡಿ ಇಟ್ಟಿರುವವನು. ಆದರೂ ಪಾಠಕ್ಕಾಗಿ ಜೀವ ತೆಗೆಯುವುದು ಬೇಡ, ವಿಡಿಯೊ ಸಾಕು ಎಂಬ ತಮ್ಮ ಕರುಣೆಯನ್ನು ಮನಸಾರೆ ಮೆಚ್ಚಿದ್ದೆ. ಒಂದೇ ಇಲಿಯನ್ನು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಮಕ್ಕಳೆಲ್ಲ ಹತ್ತು ಸಲ ನೋಡಬಹುದು, ಇಲಿಗಳಿಗೂ ನೆಮ್ಮದಿ. ಆದರೆ ಎಲ್ಲಿಂದಲೋ ಇಳಿಸಿಕೊಂಡ ಆ ವಿಡಿಯೊ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿದೆ. ಅಂಗಾತ ಮಲಗಿಸಿದ ಪ್ರಾಣಿಯ ಎಡ ನಮಗೆ ಬಲವಾಗಿ ಕಾಣುತ್ತದೆಂದು ನನಗೆ ಪಾಠ ಹೇಳಬೇಡಿ. ನಾನು ಕೊಯ್ದಷ್ಟು ಕುರಿಗಳನ್ನು ತಾವು ನೋಡಿಯೂ ಇರಲಾರಿರಿ. ಇಲಿಯ ಪಕ್ಕದ ಅಳತೆಪಟ್ಟಿ ನೋಡಿ, ಅದರ ಅಂಕಿಗಳೂ ಉಲ್ಟಾ. ಅನುಮೋದಿಸಿ ಸಹಿ ಹಾಕಿದ ಮಹನೀಯರಲ್ಲಿ ಒಬ್ಬರಿಗೂ ಕಾಣಲಿಲ್ಲವೇ? ಅಥವಾ ಇಲಾಖೆಯಲ್ಲಿ ಅಂಕಿಗಳು ಹಾಗೇ ಇರುವುದು ವಾಡಿಕೆಯೇ?

ಪ್ರಾಯೋಗಿಕ ಪರೀಕ್ಷೆಯಲ್ಲಿ ಆ ವಿಡಿಯೊ ತೋರಿಸಿ ಕೇಳಿದ, ಜಠರ ಯಾವ ಪಾರ್ಶ್ವದಲ್ಲಿದೆ ಎಂಬ ಪ್ರಶ್ನೆಗೆ ಸುಮಯ್ಯ ‘ಎಡ’ ಎಂದು ಬರೆದಳು. ಭಾನುವಾರಗಳಲ್ಲಿ ನನ್ನ ಜೊತೆ ನಿಂತು ಕುರಿಯ ಕರುಳು-ಜಠರದ ಬೋಟಿ ತೊಳೆದು ಬೆಳೆದ ಹುಡುಗಿ, ಇನ್ನೇನು ಬರೆದಾಳು? ಐದು ಅಂಕ ಹೋಯಿತು. ಅವಳ ಉಪನ್ಯಾಸಕರಾದ ಪಾಲಾಕ್ಷ ಮೇಷ್ಟ್ರು ತಲೆ ತಗ್ಗಿಸಿ, "ಏನ್ ಮಾಡ್ಲಿ ಸಾಬ್ರೆ, ಮ್ಯಾಲಿಂದ ಬಂದ ಉತ್ತರದ ಪಟ್ಟೀಲಿ ಬಲ ಅಂತೈತೆ. ನಾನು ಎಡಕ್ಕೆ ಮಾರ್ಕ್ಸ್ ಕೊಟ್ಬುಟ್ರೆ ನಂಗೇ ನೋಟಿಸ್ ಬತ್ತೈತೆ" ಎಂದರು. ತಮಗೆ ಅರ್ಜಿ ಹಾಕಿದೆ. ‘ವಿಡಿಯೊದಲ್ಲಿ ಕಾಣುವುದೇ ಅಂತಿಮ’ ಎಂಬ ಉತ್ತರ ಬಂತು.

ಅವಳಿಗೆ ಪಶುವೈದ್ಯೆಯಾಗುವ ಆಸೆ. ಹೊಟ್ಟೆಯುಬ್ಬರಿಸಿ ಬಿದ್ದ ಹಸುವಿನ ಎಡಪಕ್ಕೆಗೆ ಚುಚ್ಚಿ ಗಾಳಿ ತೆಗೆಯುವುದನ್ನು ಹಳ್ಳಿಯವರೆಲ್ಲ ಕಂಡಿದ್ದಾರೆ. ಇನ್ನು ಮುಂದೆ ಬಲಪಕ್ಕೆಗೆ ಚುಚ್ಚಬೇಕೇ, ಸ್ವಾಮಿ?

ಮುಂದಿನ ವಾರ ಮರುಪರೀಕ್ಷೆ, ಅದೇ ವಿಡಿಯೊ. ನಿನ್ನೆ ಮಗಳು, "ಅಬ್ಬಾಜಾನ್, ಈ ಸಲ ವಿಡಿಯೊದಾಗೆ ಇರೋ ಅಂಗೇ ಬರೀತೀನಿ ಬುಡಿ. ನಿಜ ಬರ್ದು ಫೇಲಾಗಿದ್ದು ಸಾಕು" ಎಂದಳು. ಅವಳು ಫೇಲಾದ ದಿನ ನನಗೆ ಇಷ್ಟು ಸಂಕಟವಾಗಿರಲಿಲ್ಲ.

ಮರುಪರೀಕ್ಷೆಗೆ ಮುಂಚೆ ವಿಡಿಯೊ ಸರಿಪಡಿಸಿ, ಅವಳ ಐದು ಅಂಕ ಕೊಡಿ. ಅದು ತಮ್ಮ ಘನತೆಗೆ ಕುಂದೆನಿಸಿದರೆ ಒಂದು ಸುತ್ತೋಲೆ ಹೊರಡಿಸಿ: ನಾಲ್ಕೂ ತಾಲ್ಲೂಕಿನ ಇಲಿ, ಕುರಿ, ದನಗಳು ವಾರದೊಳಗೆ ತಮ್ಮ ಜಠರವನ್ನು ಬಲಕ್ಕೆ ಸರಿಸಿಕೊಳ್ಳತಕ್ಕದ್ದು.

ಇಂತಿ,
ಸರಿಯಾದದ್ದನ್ನು ಕಲಿಸಿ ಮಗಳನ್ನು ಫೇಲು ಮಾಡಿಸಿದ ತಂದೆ,
ಬಾಷಾ ಸಾಬ್
ಮಟನ್ ಅಂಗಡಿ, ಶಿರಾ