ಮುಗಿಯುವ ಮೊದಲೇ ಹಾಡಿದ ಮಂಗಳ

ಮುಂದಿನ ಸಾಲಿನ ತಾಯಂದಿರೇ, ಕೊನೆಯ ಬೆಂಚಿನ ಮಹನೀಯರೇ, ಎಲ್ಲರೂ ಕೇಳಿರಿ! ನಿನ್ನ ನಾಟಕಗಳನ್ನು ನೋಡಿಯೇ ಬೆಳೆದವನು ನಾನು, ಹೀಗೆ ಕೂಗದೆ ನನಗೆ ಮಾತು ಶುರುವಾಗುವುದಿಲ್ಲ ಅಪ್ಪಾ. ಸಭೆಯಲ್ಲಿರುವುದು ನೀನೊಬ್ಬನೇ, ನೀನೂ ತೀರಿಹೋಗಿ ವರ್ಷವಾಯಿತು.

ಇವತ್ತು ನನ್ನ ಸ್ಕ್ಯಾನಿಂಗ್ ಕೋಣೆಗೆ ಒಂದು ಹಸುಗೂಸು ಬಂತು. ಹುಟ್ಟುವಾಗ ಉಸಿರು ಸಿಗದೆ ನೀಲಿಗಟ್ಟಿದ್ದ ಮಗು. ಮಿದುಳಿಗೆ ಪೆಟ್ಟಾಗಿದೆಯೇ ಎಂದು ನೋಡಬೇಕಿತ್ತು. ಹಾಲು ಕುಡಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ನಿದ್ದೆ ಹತ್ತಿದ ಮೇಲೆ ಯಂತ್ರದೊಳಗೆ ಮಲಗಿಸಿದೆ. ಮೊದಲ ಚಿತ್ರಗಳು ಚೊಕ್ಕವಾಗಿದ್ದವು. ಪೆಟ್ಟನ್ನು ನಿಜಕ್ಕೂ ತೋರಿಸುವ ಚಿತ್ರ ಇನ್ನೂ ಬಾಕಿಯಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಮಗುವಿನ ತಾಯಿ. "ಅಣ್ಣಾ, ಏನಾದ್ರೂ ಕಾಣಿಸ್ತಾ?"

ಚಿತ್ರ ತೆಗೆಯುವವನು ಅದರ ಅರ್ಥ ಹೇಳಕೂಡದು. ಆದರೆ ಎದುರಿಗೆ ಒಬ್ಬರು ಕಿವಿಗೊಟ್ಟು ನಿಂತರೆ ನನ್ನ ಬಾಯಿ ನಿಲ್ಲುತ್ತದೆಯೇ? "ಸಿಂಹದ ಮರಿ ತಾಯೀ! ಏನೂ ಆಗಿಲ್ಲ!" ಎಂದು ಗುಡುಗಿದೆ. ಅವಳು ಅಳುತ್ತಲೇ ನಕ್ಕು, ಗಂಡನಿಗೆ ಫೋನ್ ಮಾಡಲು ಓಡಿದಳು.

ಕೊನೆಯ ಚಿತ್ರದಲ್ಲಿ ಮಿದುಳಿನ ನಟ್ಟನಡುವೆ ಎರಡು ಬಿಳಿ ಕಲೆಗಳು ಹೊಳೆದವು. ಹೊರಗೆ ಆ ತಾಯಿ ಫೋನಿನಲ್ಲಿ ಹೇಳುತ್ತಿದ್ದುದನ್ನು ಕೇಳಿಸಿಕೊಂಡೇ ಒಳಬಂದ ಡಾಕ್ಟರಮ್ಮ ಪರದೆಯನ್ನು ನೋಡಿದರು, ಆಮೇಲೆ ನನ್ನನ್ನು.

"ನಾಟಕ ಮುಗಿಯೋ ಮುಂಚೆನೇ ಮಂಗಳ ಹಾಡಿಬಿಟ್ರಾ ಸ್ವಾಮಿ? ಈ ಮಗು ನಡೆಯುತ್ತೋ ಇಲ್ವೋ ನನಗೇ ಗೊತ್ತಿಲ್ಲ. ನಾಳೆ ಆ ತಾಯಿಗೆ ಏನಂತ ಹೇಳ್ಲಿ?"

ನಿನ್ನ ಕೊನೆಯ ದಿನಗಳಲ್ಲಿ ನಿನಗೂ ಹೀಗೆಯೇ ಗುಡುಗಿದ್ದೆ, ಏನೂ ಆಗಿಲ್ಲಪ್ಪಾ ಎಂದು. ನೀನು ನಟ, ನಂಬಿದವನಂತೆ ನಕ್ಕೆ. ಈ ತಾಯಿ ನಿಜವಾಗಿಯೇ ನಂಬಿದಳು.

ನಾಳೆ ಬೆಳಗ್ಗೆ ಡಾಕ್ಟರಮ್ಮನ ಜೊತೆ ನಾನೂ ವಾರ್ಡಿಗೆ ಹೋಗಿ ಅವಳ ಹಾಸಿಗೆಯ ಬಳಿ ನಿಲ್ಲುತ್ತೇನೆ. ಪಕ್ಕದ ಹಾಸಿಗೆಗೂ ಕೇಳದಷ್ಟು ಸಣ್ಣ ದನಿಯಲ್ಲಿ, ಪೂರ್ತಿ ನೋಡದೆಯೇ ಹೇಳಿಬಿಟ್ಟೆ ತಾಯೀ, ಎನ್ನುತ್ತೇನೆ.