ಕುಡಿದಿದ್ದೇನೆ ಅಂದುಬಿಟ್ಟೆ

ಅಪ್ಪಾ,

ನೀನು ಬದುಕಿದ್ದಾಗ ನಿನ್ನನ್ನು ಹೇಡಿ ಅಂದಿದ್ದೆ. ಅದು ತಪ್ಪು. ಬಟ್ಟೆ ಹೊಲಿಯುವ ಕಾರ್ಖಾನೆಯ ಕಕ್ಕಸಿನಲ್ಲಿ ಚಿಲಕ ಹಾಕಿಕೊಂಡು ಇನ್ಸುಲಿನ್ ಚುಚ್ಚಿಕೊಳ್ಳುತ್ತೀಯ ಅಂತ ಗೊತ್ತಾದ ದಿನ, "ಕಾಯಿಲೆ ಬೀಳೋಕೂ ಧಣಿ ಅಪ್ಪಣೆ ಬೇಕಾ?" ಅಂತ ಕೇಳಿದ್ದೆ. ನೀನು ಕಾಲಿನ ಗಾಯದ ಪಟ್ಟಿ ಬಿಚ್ಚುತ್ತಾ ನಕ್ಕಿದ್ದೆ.

ಈಗ ನನಗೂ ಅದೇ ಕಾಯಿಲೆ, ಅದೇ ಹೊಲಿಗೆ ಸಾಲು. ಇವತ್ತು ಅದೇ ಕಕ್ಕಸಿನಲ್ಲಿ ಸೂಜಿ ಚುಚ್ಚಿಕೊಂಡು ಬಂದರೆ, ಊಟದ ಬಿಡುವನ್ನು ಅರ್ಧ ಗಂಟೆ ಮುಂದೂಡಿದ್ದರು. ಊಟವಿಲ್ಲದೆ ಸಕ್ಕರೆ ಇಳಿದು ಕೈ ನಡುಗಿತು, ಬೆವರು ಕಿತ್ತುಕೊಂಡು ಬಂತು, ಹೊಲಿಯುತ್ತಿದ್ದ ಕಾಲರ್ ಸೊಟ್ಟಗಾಯಿತು.

"ಏನಯ್ಯಾ ಕರಪತ್ರದ ವೀರ, ರಾತ್ರಿ ಏರಿಸಿದ್ದು ಇನ್ನೂ ಇಳಿದಿಲ್ವಾ?" ಅಂದ ಮೇಸ್ತ್ರಿ.

"ಹೂಂ" ಅಂದುಬಿಟ್ಟೆ ಅಪ್ಪಾ. ದುಡಿಯುವವನ ದೇಹ ಅವನದೇ ಅಂತ ಕರಪತ್ರ ಬರೆದು ಹಂಚುವ ನಾನು, ರೋಗಿ ಅನ್ನಿಸಿಕೊಳ್ಳಲು ಹೆದರಿ ಕುಡುಕನಾದೆ.

ಪಕ್ಕದ ಮಿಷನ್ನಿನ ಅಕ್ಕ ಸದ್ದಿಲ್ಲದೆ ನನ್ನ ಬಾಯಿಗೆ ಪೆಪ್ಪರಮೆಂಟು ತುರುಕಿದಳು. "ನಿಮ್ಮಪ್ಪಂಗೂ ನಾನೇ ಕೊಡ್ತಿದ್ದೆ ಕಣೋ. ನಿಂಗೆ ಹೇಳಬೇಡ ಅಂದಿದ್ರು" ಅಂದಳು.

ಕುಡಿದು ಬಂದವನಿಗೆ ಇಲ್ಲಿ ವಿಚಾರಣೆ; ನನ್ನದು ಸೋಮವಾರ. ಕಾಯಿಲೆ ಇದೆ ಅಂತ ಮ್ಯಾನೇಜರ್ ಮುಂದೆ ನಿಜ ಹೇಳಿದರೆ ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಅಕ್ಕ ಜೊತೆಗೆ ಬರುತ್ತಾಳಂತೆ. ಸೂಜಿ, ಔಷಧಿ ಎರಡನ್ನೂ ಕೈಯಲ್ಲೇ ಹಿಡಿದುಕೊಂಡು ಬಾ ಅಂದಿದ್ದಾಳೆ. ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ, ಗೇಟಿನ ಹತ್ತಿರ.