ಪೈಪಿನ ಆ ತುದಿಯಲ್ಲಿ ಅಣ್ಣ

ಮಾರ್ಚ್ 4, ಸೋಮವಾರ

ಈ ವಾರವೂ ಫಸ್ಟ್ ಶಿಫ್ಟ್. ಅಣ್ಣನ ಬೈಕಿನಲ್ಲೇ ಹೋದೆ. ಬಾಗಲೂರು ರೋಡಿನಲ್ಲಿ ಟಿಪ್ಪರ್‌ಗಳ ಧೂಳು, ಬಾಯಿ ತೆರೆಯುವ ಹಾಗಿಲ್ಲ.

ಸೋಮವಾರ ಪಂಪ್ ಹೌಸಿನಲ್ಲಿ ಟೆಸ್ಟ್. ಬೆಂಕಿ ಬಿದ್ದರೆ ಬೇಕಾಗುತ್ತದೆ ಎಂದು ಇಟ್ಟಿರುವ ಪಂಪುಗಳು ಎರಡು — ಒಂದು ಕರೆಂಟಿನದು, ಒಂದು ಡೀಸೆಲ್ಲಿನದು. ಅವನ್ನು ಓಡಿಸುವುದು ಅಣ್ಣನ ಕೆಲಸ. ಪೈಪು ಬಿಡಿಸಿ, ಹೈಡ್ರಂಟ್ ಕೊಳಾಯಿಗೆ ಸೇರಿಸಿ, ನೀರು ಹೊಡೆಯುವುದು ನಮ್ಮ ಫೈರ್ ಟೀಮಿನದು. ಟೀಮಿನಲ್ಲಿ ಹೆಂಗಸು ನಾನೊಬ್ಬಳೇ. ನೀರು ತುಂಬಿಕೊಂಡರೆ ಪೈಪು ಹಿಂದಕ್ಕೆ ತಳ್ಳುತ್ತದೆ, ಸೊಂಟ ಗಟ್ಟಿ ಮಾಡಿ ನಿಲ್ಲಬೇಕು. ಸೇಫ್ಟಿ ಆಫೀಸರ್ ಮುರಳಿಕೃಷ್ಣ ಸಾರ್ ಬೆನ್ನಿಗೆ ನಿಂತು ಹಿಡಿದುಕೊಂಡರು.

ಡೀಸೆಲ್ ಇಂಜಿನ್ನಿನ ಲಿವರ್ ಸ್ಪ್ರಿಂಗ್ ಮುರಿದಿದೆಯಂತೆ. ಕೈಯಲ್ಲಿ ಒತ್ತಿ ಹಿಡಿದರೆ ಸ್ಪೀಡು; ಬಿಟ್ಟರೆ ಇಳಿದುಹೋಗುತ್ತದೆ. ಅಣ್ಣ ತಂತಿ ಕಟ್ಟಿ ನೋಡಿದ. ಅದುರಾಟಕ್ಕೆ ಬಿಚ್ಚಿಕೊಂಡಿತು. ಸ್ಪೇರ್‌ಗೆ ಹೇಳಿದ್ದಾರೆ.

ಮಾರ್ಚ್ 9, ಶನಿವಾರ

ಟ್ಯಾಂಕರ್ ಬರಲಿಲ್ಲ. ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯಲು ನೀರಿಲ್ಲ. ಕ್ಯಾಂಟೀನಿನ ಗೋಪಾಲಪ್ಪ ಬಕೆಟ್ ಹಿಡಿದುಕೊಂಡು ಪಂಪ್ ಹೌಸಿಗೇ ಬಂದ.

“ಕೆರೆಯಂಗೆ ತುಂಬೈತಲ್ಲಪ್ಪ ನಿನ್ ಟ್ಯಾಂಕು. ನಾಕ್ ಬಕೆಟ್ ಕೊಟ್ರೆ ಏನಾಯ್ತದೆ?”

“ಅದು ಬೆಂಕಿ ಆರ್ಸಕ್ಕೆ ಇಟ್ಟಿರೋ ನೀರು, ಗೋಪಾಲಪ್ಪ. ನನ್ ಕುಡಿಯೋ ನೀರಿನ ಬಾಟ್ಲಿ ಬೇಕಾದ್ರೆ ತಗೋ” ಅಂದ ಅಣ್ಣ.

ಗೋಪಾಲಪ್ಪ ಮುಖ ಊದಿಸಿಕೊಂಡು ಹೋದ. ಸಂಜೆ ಮನೆಯಲ್ಲಿ ಹೇಳಿದರೆ ಮಾಲಾ ಅತ್ತಿಗೆಗೆ ನಗು. “ಮನೇಲಿ ಗೀಸರ್ ಸ್ವಿಚ್ ಮುಟ್ಟಕ್ಕೆ ಹೆದರ್ತಾರೆ, ಅಲ್ಲೋಗಿ ಏನ್ ಜೋರು ನೋಡು.” ಅಣ್ಣ ತಲೆಯೆತ್ತದೆ ಮುದ್ದೆ ಮುರಿಯುತ್ತಿದ್ದ.

ಮಾರ್ಚ್ 14, ಗುರುವಾರ

ಫ್ಯಾಕ್ಟರಿಗೆ ಬೆಂಕಿ ಬಿತ್ತು. ಅಣ್ಣ ಹೊಸೂರಿನ ಆಸ್ಪತ್ರೆಯಲ್ಲಿ. ಅತ್ತಿಗೆ ಅಲ್ಲೇ ಇದ್ದಾರೆ. ಬಟ್ಟೆ ತೆಗೆದುಕೊಂಡು ಹೋಗಲು ಮನೆಗೆ ಬಂದೆ.

ಮಾರ್ಚ್ 17, ಭಾನುವಾರ

ಬರೆದುಬಿಡಬೇಕು. ಇಲ್ಲದಿದ್ದರೆ ಕಣ್ಣು ಮುಚ್ಚಲು ಆಗುವುದಿಲ್ಲ.

ನಮ್ಮದು ವಾಹನಗಳ ಸೀಟು ಮಾಡುವ ಫ್ಯಾಕ್ಟರಿ. ಕೆಳಗೆ ಫೋಮ್ ಗೋಡೌನು, ಅದರ ಮೇಲೆ ಹೊಲಿಗೆ ಸೆಕ್ಷನ್. ಮೆಟ್ಟಿಲು ಗೋಡೌನಿನ ಬಾಗಿಲ ಪಕ್ಕದಲ್ಲೇ. ಪಂಪ್ ಹೌಸು ಅದೇ ಗೋಡೌನಿನ ಹಿಂಗೋಡೆಗೆ ಅಂಟಿಕೊಂಡಿದೆ.

ಊಟ ಮುಗಿಸಿ ಎಲ್ಲರೂ ಮಿಷನ್‌ಗೆ ಕೂತಿದ್ದರು. ಗೋಡೌನಿನಿಂದ ಹೊಗೆ. ಫೋಮ್ ಹತ್ತಿಕೊಂಡರೆ ಹೊಗೆ ಕರಿ, ಎಣ್ಣೆಯ ಹಾಗೆ. ಸೈರನ್. ಕರೆಂಟ್ ತೆಗೆದರು. ಕರೆಂಟಿನ ಪಂಪ್ ನಿಂತಿತು. ಡೀಸೆಲ್ ಇಂಜಿನ್ ಶುರುವಾದದ್ದು ಕೇಳಿಸಿತು. ಸ್ಪ್ರಿಂಗ್ ಇನ್ನೂ ಬಂದಿರಲಿಲ್ಲ, ಲಿವರ್ ಅಣ್ಣನೇ ಒತ್ತಿ ಹಿಡಿದಿರಬೇಕು. ಪೈಪು ತುಂಬಿತು. ಮುಂದೆ ನಾನು, ಬೆನ್ನಿಗೆ ಮುರಳಿಕೃಷ್ಣ ಸಾರ್. ಮೆಟ್ಟಿಲಿಗೂ ಬೆಂಕಿಗೂ ನಡುವೆ ನೀರು ಹೊಡೆಯುತ್ತಾ ನಿಂತೆವು. ಆ ನೀರಿನ ಮರೆಯಲ್ಲಿ ಹೆಂಗಸರು ಇಳಿದು ಓಡುತ್ತಿದ್ದರು.

ಗಾಳಿ ತಿರುಗಿತು. ಹೊಗೆ ಪೂರ್ತಿ ಪಂಪ್ ಹೌಸಿನ ಕಡೆಗೆ.

“ಸಾರ್, ಅಣ್ಣ ಒಳಗವ್ನೆ.”

“ಗೊತ್ತಮ್ಮ. ಮಾಸ್ಕ್ ಹಾಕ್ಕೊಂಡು ಹೋಗ್ಬೇಕು, ಫೈರ್ ಸರ್ವೀಸ್‌ನವ್ರು ಬತ್ತಾವ್ರೆ. ಪೈಪ್ ಬಿಡ್ಬೇಡ.”

“ಅವನು ಈಚೆಗೆ ಬಂದ್ರೆ?”

“ಬಂದ್ರೆ ನೀರು ನಿಲ್ತದೆ” ಅಂದರು.

ಮೇಲೆ ಇನ್ನೂ ಜನ ಇದ್ದರು. ಕಿಟಕಿಯಲ್ಲಿ ಕೈಗಳು ಕಾಣಿಸುತ್ತಿದ್ದವು. ನಾನು ಪೈಪ್ ಬಿಡಲಿಲ್ಲ. ನನ್ನ ಕೈಯಲ್ಲಿ ನೀರು ಬರುತ್ತಿದೆ ಎಂದರೆ ಅಣ್ಣ ಹೊಗೆಯಲ್ಲಿ ನಿಂತಿದ್ದಾನೆ ಎಂದು ಅರ್ಥ. ಗೊತ್ತಿತ್ತು. ಗೊತ್ತಿದ್ದೇ ನೀರು ಹೊಡೆದೆ. ನೀರು ನಿಲ್ಲದಿರಲಿ ಅಂತಲೂ ಬೇಡಿಕೊಂಡೆ, ಅಣ್ಣ ಹೊರಗೆ ಬರಲಿ ಅಂತಲೂ ಬೇಡಿಕೊಂಡೆ.

ಒಂದು ಸಲ ನೀರು ಸಣ್ಣಗಾಯಿತು. ಪೈಪು ಕೈಯಲ್ಲೇ ಸಡಿಲವಾಯಿತು. ಬೆಂಕಿ ಮೆಟ್ಟಿಲಿಗೆ ನೆಗೆಯಿತು, ಇಳಿಯುತ್ತಿದ್ದವರು ಕಿರುಚಿಕೊಂಡು ಹಿಂದಕ್ಕೆ ಹತ್ತಿದರು. ಆಮೇಲೆ ಮತ್ತೆ ರಭಸ ಬಂತು. ಮೇಲಿಂದ ಯಾರೋ ತಮಿಳಿನಲ್ಲಿ “ತಣ್ಣಿ ವಂದುರುಚ್ಚು, ವಾಂಗ” — ನೀರು ಬಂತು, ಬನ್ನಿ — ಎಂದು ಕೂಗಿದರು. ಮತ್ತೆ ಇಳಿದರು.

ಕೊನೆಗೆ ಇಳಿದವಳು ಹೊಲಿಗೆ ಸೆಕ್ಷನ್ನಿನ ಸೆಲ್ವಿ. ಅವಳು ಅಂಗಳ ದಾಟುವಾಗ ಗೇಟಿನಲ್ಲಿ ಫೈರ್ ಇಂಜಿನ್. ಅದೇ ಹೊತ್ತಿಗೆ ನಮ್ಮ ಪೈಪು ಪೂರ್ತಿ ಮೆತ್ತಗಾಗಿ ನೆಲಕ್ಕೆ ಬಿತ್ತು. ನಾನು ಓಡಿದೆ. ಮಾಸ್ಕ್ ಹಾಕಿದ ಇಬ್ಬರು ಅಣ್ಣನನ್ನು ಹೊತ್ತು ತಂದರು. ಮೂಗು, ಬಾಯಿ ಎಲ್ಲ ಮಸಿ. ಬಲಗೈ ಮುಷ್ಟಿ ಹಾಗೇ ಮಡಚಿಕೊಂಡಿತ್ತು.

ಮಾರ್ಚ್ 20, ಬುಧವಾರ

ಮಾತಾಡಿದ. ಬಾಯಿಗೆ ಹಾಕಿದ್ದ ಪೈಪು ತೆಗೆದು ಆಕ್ಸಿಜನ್ ಮಾಸ್ಕ್ ಇಟ್ಟಿದ್ದಾರೆ. ಅತ್ತಿಗೆ ಔಷಧಿ ತರಲು ಹೋಗಿದ್ದರು.

“ಎಲ್ರೂ ಇಳುದ್ರಾ?”

“ಇಳುದ್ರು ಅಣ್ಣ. ಒಬ್ರಿಗೂ ಏನೂ ಆಗಿಲ್ಲ.”

ಆಮೇಲೆ ಬಿಟ್ಟು ಬಿಟ್ಟು ಹೇಳಿದ. “ನಾನು ಬಿಟ್ಬುಟ್ಟು ಈಚೆಗ್ ಬಂದಿದ್ದೆ ಕಣಮ್ಮ. ತಡಿಯಕ್ಕಾಗ್ಲಿಲ್ಲ. ಬಾಗ್ಲು ತನಕ ಬಂದೆ. ಇಂಜಿನ್ ಸದ್ದು ಇಳೀತು… ಆ ಕಡೆ ಪೈಪ್ ಹಿಡ್ಕೊಂಡಿರೋಳು ನೀನು ಅಂತ ಜ್ಞಾಪಕ ಬಂತು. ವಾಪಸ್ ಹೋದೆ.”

ಕೈ ಹಿಡಿದುಕೊಂಡೆ.

“ಅತ್ತಿಗೆಗೆ ಹೇಳ್ಲಾ?”

ಕಣ್ಣು ಮುಚ್ಚಿದ್ದ. ಕೇಳಿಸಿತೋ ಇಲ್ಲವೋ.

ಮಾರ್ಚ್ 24, ಭಾನುವಾರ

ಬೆಳಿಗ್ಗೆ ಅಣ್ಣ ಹೋದ.

ಏಪ್ರಿಲ್ 8, ಸೋಮವಾರ

ನಾಳೆ ಯುಗಾದಿ. ಈ ವರ್ಷ ನಮಗಿಲ್ಲ.

ಸೆಲ್ವಿ ಗಂಡನ ಜೊತೆ ಬಂದಿದ್ದಳು. ಅತ್ತಿಗೆಯ ಕಾಲಿಗೆ ಬಿದ್ದಳು. “ನಿಮ್ ಎಜಮಾನ್ರು ನಮ್ಗೆ ದೇವ್ರು ಅಕ್ಕಾ.” ಅತ್ತಿಗೆ ಎಬ್ಬಿಸಿ ಕೂರಿಸಿ ಕಾಫಿ ಕೊಟ್ಟರು. ಮುಖದಲ್ಲಿ ಏನೂ ಇಲ್ಲ. ಆವತ್ತಿನಿಂದ ಹಾಗೇ. ಒಂದು ಹನಿ ಕಣ್ಣೀರಿಲ್ಲ. ನೆಂಟರು ಅದನ್ನೂ ಆಡಿಕೊಂಡರು.

ಬಸ್ ಸ್ಟಾಪಿನಲ್ಲಿ ಅಣ್ಣನ ಫೋಟೋ ಹಾಕಿ ದೊಡ್ಡ ಫ್ಲೆಕ್ಸ್ ಕಟ್ಟಿದ್ದಾರೆ. ತಮಿಳಿನಲ್ಲಿ ವೀರ ಎಂದು ಬರೆಸಿದ್ದಾರೆ. ಅತ್ತಿಗೆ ಈಗ ಅಂಗಡಿಗೆ ಹಿಂದಿನ ಓಣಿಯಲ್ಲೇ ಹೋಗುತ್ತಾರೆ.

ಅವನು ಬಾಗಿಲಿಗೆ ಬಂದಿದ್ದನ್ನು ಇನ್ನೂ ಹೇಳಿಲ್ಲ. ಹೇಳಿದರೆ ಅವನ ಹೆಸರು ಕಮ್ಮಿಯಾಗುತ್ತದೋ… ನಾನಿದ್ದೆ ಅಂತ ತಾನೇ ವಾಪಸ್ ಹೋದದ್ದು. ಅದನ್ನು ಕೇಳಿ ಅತ್ತಿಗೆ ನನ್ನ ಮುಖ ಹೇಗೆ ನೋಡಿಯಾರು.

ಏಪ್ರಿಲ್ 11, ಗುರುವಾರ. ಮಧ್ಯಾಹ್ನ

ಹೇಳಿಬಿಟ್ಟೆ.

ಅತ್ತಿಗೆ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದರು. ಅವರೇ ಕೇಳಿದರು. “ಲೇಖಾ, ಆಸ್ಪತ್ರೇಲಿ ನಿಮ್ಮಣ್ಣ ನಿನ್ ಹತ್ರ ಏನೋ ಮಾತಾಡಿದ್ರಂತೆ. ನರ್ಸಮ್ಮ ಹೇಳಿದ್ಲು. ಏನಂದ್ರು?”

ಅವನು ಅಂದದ್ದನ್ನೆಲ್ಲ ಹೇಳಿದೆ. ಬಿಟ್ಟು ಬಂದದ್ದು, ಬಾಗಿಲು, ನಾನು, ವಾಪಸ್ ಹೋದದ್ದು. ನಾನು ತಲೆ ಎತ್ತಲಿಲ್ಲ. ಮೊರದ ಸದ್ದು ನಿಂತಿತು.

“ಹೆದರ್ಕೊಂಡಿದ್ರು ಅನ್ನು.”

“ಹೂಂ ಅತ್ತಿಗೆ.”

ಮೊರದ ಹುರುಳಿಯಲ್ಲಿ ಬೆರಳಾಡಿಸುತ್ತಾ ಮೆಲ್ಲಗೆ — “ಬಂದೋರೆಲ್ಲ ದೇವ್ರು, ವೀರ ಅಂತಾರೆ. ಇವ್ರು ಯಾರ್ನ ಹೇಳ್ತಾವ್ರೋ ಅನ್ಸದು ನಂಗೆ. ನಾನ್ ಬಾಳ್ವೆ ಮಾಡ್ದೋರು ಗುಡುಗಿದ್ರೆ ಎದ್ದು ಕೂತ್ಕೊಳೋರು. ಹೆದರ್ಕೊಂಡು ಬಾಗ್ಲಿಗೆ ಬಂದ್ರಲ್ಲ… ಅವ್ರು ಕಣೇ ನಮ್ಮೋರು.”

ಮೊರ ಕೆಳಗಿಟ್ಟು ಒಳಗೆ ಹೋದರು. ಬಾಗಿಲು ಹಾಕಿಕೊಳ್ಳಲಿಲ್ಲ.

ಅಳುತ್ತಿದ್ದಾರೆ. ಮೊದಲ ಸಲ. ಇಲ್ಲಿಯವರೆಗೂ ಕೇಳಿಸುತ್ತಿದೆ. ಏನು ಬರೆಯುತ್ತಾ ಕೂತಿದ್ದೇನೆ ನಾನು, ಹೋಗಿ ಪಕ್ಕದಲ್ಲಿ —